ಕಣ್ಣಾರೆ ಕಂಡಿದ್ದೇನು, ಕಿವಿಯಾರೆ ಕೇಳಿದ್ದೇನು?

ಮಾನ್ಯ ಸಂಪಾದಕರೇ,

ಮಕ್ಕಳ ಕಳ್ಳರ ವದಂತಿ ಎದ್ದಾಗಲೆಲ್ಲ ಕಿಡಿಗೇಡಿಗಳ ಮೇಲೆ ಕ್ರಮ ಕೈಗೊಳ್ಳಿ ಎಂಬ ಒತ್ತಾಯ ಕೇಳಿಬರುತ್ತದೆ. ಅದು ಸರಿಯೇ. ಆದರೆ ವದಂತಿಯನ್ನು ಕ್ಷಣಮಾತ್ರದಲ್ಲಿ ನಂಬಿ, ಇನ್ನೊಬ್ಬರಿಗೆ ದಾಟಿಸಿ, ಕೊನೆಗೆ ಕೈಯೆತ್ತುವ ನಮ್ಮದೇ ಮನಸ್ಸಿನ ಬಗ್ಗೆ ಯಾರೂ ಮಾತನಾಡುವುದಿಲ್ಲ. ಬೀದರ್ ಜಿಲ್ಲೆಯವರಾದ ನಾವು ಆ ಮಾತನ್ನು ಆಡಲೇಬೇಕು.

2018ರ ಜುಲೈ 13ರಂದು ನಮ್ಮ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಗುಂಪೊಂದು ಹೊಡೆದು ಕೊಂದಿತು. ಕಾರಿನಲ್ಲಿ ಬಂದಿದ್ದ ಆ ಸ್ನೇಹಿತರ ತಂಡ ಮಾಡಿದ್ದ ತಪ್ಪಾದರೂ ಏನು? ದಾರಿಯಲ್ಲಿ ಸಿಕ್ಕ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದು. ಆ ಸುದ್ದಿ ಮಕ್ಕಳ ಕಳ್ಳರೆಂಬ ಹಣೆಪಟ್ಟಿಯೊಂದಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಾರಿಗಿಂತ ಮೊದಲೇ ಮುರ್ಕಿ ತಲುಪಿತ್ತು. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ರಾಜಸ್ಥಾನದ ಯುವಕನೊಬ್ಬ ಇಂಥದೇ ಗುಮಾನಿಗೆ ಜೀವ ತೆತ್ತಿದ್ದ.

ಆ ದಿನಗಳಲ್ಲಿ ಊರೂರು ಸುತ್ತಿದ ವಿಡಿಯೊ ಒಂದರಲ್ಲಿ ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ತಯಾರಿಸಿದ ಕಿರುಚಿತ್ರ. ಕೊನೆಯಲ್ಲಿ ಅವರೇ ಮಗುವನ್ನು ಮರಳಿ ತಂದು ಬಿಟ್ಟು, ಎಚ್ಚರಿಕೆಯ ಫಲಕ ಹಿಡಿದು ತೋರಿಸುತ್ತಾರೆ. ಆ ಭಾಗವನ್ನು ಕತ್ತರಿಸಿ ಹರಿಬಿಡಲಾಗಿತ್ತು. ನೋಡಿದವರಿಗೆ ಎದೆ ಝಲ್ಲೆಂದದ್ದು ನಿಜ. ಎದೆ ಝಲ್ಲೆಂದ ಮಾತ್ರಕ್ಕೆ ಸುದ್ದಿಯೂ ನಿಜವಿರಬೇಕು ಎಂದು ಮನಸ್ಸು ತೀರ್ಮಾನಿಸುವುದು, ಅದರಲ್ಲೂ ಎದುರಿಗಿರುವವರ ಉಡುಗೆ, ಭಾಷೆ ನಮ್ಮದಲ್ಲದಿದ್ದಾಗ ಇನ್ನೂ ಬೇಗ ತೀರ್ಮಾನಿಸುವುದು ನಿಜವಾದ ಅಪಾಯ. ಮಕ್ಕಳನ್ನು ಕಾಪಾಡುತ್ತಿದ್ದೇವೆ ಎಂದು ನಂಬಿದವರಿಗೆ ತಮ್ಮನ್ನು ತಾವು ಸಂಶಯಿಸಬೇಕೆಂದು ಹೊಳೆಯುವುದೇ ಕಷ್ಟ. ಒಳ್ಳೆಯ ಉದ್ದೇಶವೇ ಕಣ್ಣಿಗೆ ಪೊರೆಯಾಗುತ್ತದೆ.

ನಾನು ಪಾಠ ಮಾಡುತ್ತಿದ್ದ ತರಗತಿಯಲ್ಲಿ ಒಮ್ಮೆ ಕಂಪಾಸ್ ಪೆಟ್ಟಿಗೆ ಕಾಣೆಯಾದಾಗ ಎಲ್ಲ ಮಕ್ಕಳೂ ಹೊಸದಾಗಿ ಸೇರಿದ್ದ ಹುಡುಗನ ಕಡೆ ಬೊಟ್ಟು ಮಾಡಿದ್ದರು. ಒಬ್ಬೊಬ್ಬರನ್ನೇ ಕರೆದು ‘ನೀನು ಕಣ್ಣಾರೆ ಕಂಡೆಯಾ?’ ಎಂದು ಕೇಳಿದರೆ ಕಂಡವರು ಒಬ್ಬರೂ ಇರಲಿಲ್ಲ. ‘ಎಲ್ಲಾರೂ ಹೇಳ್ಲಾಕತ್ತಿದ್ರು ಟೀಚರ್’ ಎಂಬುದೊಂದೇ ಉತ್ತರ.

ದೊಡ್ಡವರೂ ಇದಕ್ಕೆ ಹೊರತಲ್ಲ. ಅಮೆರಿಕದ ಮನೋವಿಜ್ಞಾನಿ ಸಾಲೊಮನ್ ಆ್ಯಶ್ 1950ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ ಗೆರೆಗಳ ಉದ್ದವನ್ನು ಹೋಲಿಸುವಷ್ಟು ಸರಳ ಪ್ರಶ್ನೆಗೂ, ಜೊತೆಯವರೆಲ್ಲ ಬೇಕೆಂದೇ ತಪ್ಪು ಉತ್ತರ ಕೊಟ್ಟಾಗ, ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಅದೇ ತಪ್ಪು ಉತ್ತರಕ್ಕೆ ದನಿಗೂಡಿಸಿದ್ದರು. ಆದರೆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದಾಗ ಹೀಗೆ ದನಿಗೂಡಿಸುವವರ ಪ್ರಮಾಣ ಬಹಳವಾಗಿ ಕುಸಿಯಿತು. ಈ ಎರಡನೆಯ ಸಂಗತಿ ನಮಗೆ ಹೆಚ್ಚು ಮುಖ್ಯವೆಂದು ನನ್ನ ಭಾವನೆ.

2018ರ ಜುಲೈನಲ್ಲೇ ವಾಟ್ಸ್‌ಆ್ಯಪ್ ಭಾರತದಲ್ಲಿ ಸಂದೇಶವೊಂದನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡದಂತೆ ಮಿತಿ ಹಾಕಲು ಮುಂದಾಯಿತು. ಮುರ್ಕಿಯ ಘಟನೆಯಾದ ನಾಲ್ಕೇ ದಿನಕ್ಕೆ, ಜುಲೈ 17ರಂದು, ಸುಪ್ರೀಂ ಕೋರ್ಟ್ ಗುಂಪು ಹತ್ಯೆ ತಡೆಗೆ ಮಾರ್ಗಸೂಚಿ ನೀಡಿತು. ಇವೆರಡೂ ಬೇಕಿದ್ದವು. ಆದರೆ ಸಂದೇಶ ಓದಿದಾಗ ಮೈ ಬಿಸಿಯೇರುವುದನ್ನು ಗಮನಿಸಿ, ‘ಇದರಲ್ಲಿ ನಾನು ಕಂಡಿದ್ದೆಷ್ಟು, ಕೇಳಿದ್ದೆಷ್ಟು, ಇದನ್ನು ನಂಬಲು ನನಗೇಕೆ ಇಷ್ಟು ಆತುರ?’ ಎಂದು ತನ್ನನ್ನೇ ಕೇಳಿಕೊಳ್ಳುವ ಅಭ್ಯಾಸವನ್ನು ಯಾವ ಆದೇಶವೂ ತಂದುಕೊಡಲಾರದು. ಅದನ್ನು ಚಿಕ್ಕಂದಿನಿಂದಲೇ ರೂಢಿಸಬೇಕು. ಶಾಲೆಗಳ ನೀತಿಬೋಧನೆಯ ಅವಧಿಯಲ್ಲಿ ಸುಭಾಷಿತ ಬಾಯಿಪಾಠ ಮಾಡಿಸುವ ಬದಲು ಊರಿನಲ್ಲೇ ಹಬ್ಬಿದ ಒಂದು ಸುದ್ದಿಯನ್ನು ಮಕ್ಕಳ ಮುಂದಿಟ್ಟು ಈ ಪ್ರಶ್ನೆಗಳನ್ನು ಕೇಳಿಸಬಹುದು. ಗ್ರಾಮಸಭೆಗಳಲ್ಲಿ ಪೊಲೀಸರು ಸಹಾಯವಾಣಿಯ ಸಂಖ್ಯೆ ಹೇಳಿ ಹೊರಡದೆ, ಗುಂಪು ಸೇರಿದ ಹೊತ್ತಿನಲ್ಲಿ ‘ತಡೀರಿ, ಮೊದಲು ವಿಚಾರಿಸೋಣ’ ಎನ್ನುವವರ ಬೆನ್ನಿಗೆ ಇಲಾಖೆ ನಿಲ್ಲುತ್ತದೆ ಎಂಬ ಭರವಸೆಯನ್ನು ಬಹಿರಂಗವಾಗಿ ಕೊಡಬೇಕು. ಶಿಕ್ಷಣ ಮತ್ತು ಪೊಲೀಸ್ ಇಲಾಖೆಗಳು ಜಂಟಿಯಾಗಿ ಈ ಕೆಲಸವನ್ನು ನಮ್ಮ ಜಿಲ್ಲೆಯಿಂದಲೇ ಆರಂಭಿಸಬೇಕೆಂದು ವಿನಂತಿಸುತ್ತೇನೆ.

— ನಿವೃತ್ತ ಶಿಕ್ಷಕಿ, ಭಾಲ್ಕಿ