ಡೈರಿಯ ಅಂದ ಬಣ್ಣದಲ್ಲಿ ಮಾತ್ರ ಇಲ್ಲ

ಮಾನ್ಯ ಸಂಪಾದಕರೇ,

ಆನ್‌ಲೈನ್ ಡೈರಿ ಬರೆಯೋರ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದ್ದೆ, ಚೆನ್ನಾಗಿತ್ತು, ಆದ್ರೆ ವಿನ್ಯಾಸ ಅಂದ್ರೆ ಬಣ್ಣ, ಫೋಟೋ ಅಷ್ಟೇ ಅನ್ನೋ ಹಾಗಿತ್ತು. ಕನ್ನಡದಲ್ಲಿ ಮೊದ್ಲು ನೋಡಬೇಕಾದ್ದು ಸಾಲಿನ ಅಂತರ ಸ್ವಾಮಿ. ರೆಡಿ ಟೆಂಪ್ಲೇಟ್‌ಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರಕ್ಕೆ ಅಂತ ಮಾಡಿರೋದು, ನಮ್ದು ಒತ್ತಕ್ಷರ ಕೆಳಗಿಳಿಯುತ್ತೆ, ಗುಡಿಸು ಮೇಲೆ ಹೋಗುತ್ತೆ, ಸಾಲು ಇಕ್ಕಟ್ಟಾದ್ರೆ 'ಸ್ತ್ರೀ', 'ರಾಷ್ಟ್ರ'ದಂಥ ಪದಗಳ ಕಾಲು ಕೆಳಗಿನ ಸಾಲಿನ ತಲೆ ಮೇಲೇ ಬೀಳುತ್ತೆ. ಅಕ್ಷರದ ಸೈಜಿನ ಒಂದೂವರೆ ಪಟ್ಟಿಗಿಂತ ಜಾಸ್ತಿನೇ ಇರ್ಲಿ. ಎರಡೂ ಅಂಚು ಸಮ ಮಾಡೋ ಚಟ ಬೇರೆ, ಉದ್ದುದ್ದ ಪದಗಳ ಭಾಷೆ ನಮ್ದು, ಮೊಬೈಲಲ್ಲಿ ಮಧ್ಯೆ ಮಧ್ಯೆ ಇಷ್ಟಗಲ ಖಾಲಿ ಬೀಳುತ್ತೆ. ಇನ್ನು 'ನುಡಿ', 'ಬರಹ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದನ್ನ ಹಾಗೇ ಅಂಟಿಸಿದ್ರೆ ಆ ಫಾಂಟ್ ಇಲ್ಲದ ಫೋನಲ್ಲಿ ಬರೀ ಕಸ. ಎಲ್ಲಾ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡಲ್ಲಿ ಕನ್ನಡ 1991ರಿಂದ್ಲೇ ಇದೆ, ಹಳೇ ಫಾಂಟಿನ ಬರವಣಿಗೆನ ಅದಕ್ಕೆ ಬದಲಾಯಿಸೋ ಪರಿವರ್ತಕಗಳೂ ಸಿಗುತ್ವೆ.

ಬರವಣಿಗೆಗೆ ನನ್ನ ಅಳತೆ ಒಂದೇ, ದಿನಾಂಕ ತೆಗೆದ್ರೂ ಯಾವ ಊರು ಯಾವ ಕಾಲ ಅಂತ ಗೊತ್ತಾಗಬೇಕು. "ಇಂದು ಮನಸ್ಸು ಭಾರ" ಅಂತ ಯಾರು ಬೇಕಾದ್ರೂ ಬರೀಬಹುದು (ಬರೀತಾನೂ ಇದಾರೆ!), ಮಾರ್ಕೆಟಲ್ಲಿ ಸೊಗಡವರೆ ರೇಟು ಕೇಳಿ ಸುಮ್ನೆ ವಾಪಸ್ ಬಂದೆ ಅಂದ್ರೆ ಡಿಸೆಂಬರ್ ಚಳಿ, ಹಳೇ ಮೈಸೂರು ಸೀಮೆ, ಜೇಬಿನ ಗತಿ ಎಲ್ಲಾ ಬಂತು. ಹಾಗಂತ ಪಕ್ಕದ ಮನೆ ಜಗಳಾನ ಹೆಸರು ಸಮೇತ ಹಾಕೋದು ಬೇಡಪ್ಪ, ಅದು ಬೀಗ ಇಲ್ಲದ ಡೈರಿ. ಮುಂದಿನ ಸಲ ಲೇಖಕರು ಇವನ್ನೂ ಸೇರಿಸ್ಲಿ.

— ಓದುಗ, ಮೈಸೂರು