ಗೆಳೆಯನಿಗೊಂದು ಪತ್ರ: ಪಕ್ಕದ ಸೀಟು

ಏನೋ ಮಾರಾಯ, ಹೇಗಿದ್ದೀಯ? ಪುಟ್ಟಿಗೆ ಮೊನ್ನೆ ಮೂರು ತಿಂಗಳು ತುಂಬಿತು ಅಲ್ವಾ? ಫೋಟೊ ನೋಡಿ ತುಂಬಾ ಖುಷಿಯಾಯಿತು. ಛತ್ರಿ ವಿಷಯ ಇಲ್ಲಿ ಎತ್ತುವುದಿಲ್ಲ, ಎಲ್ಲರೂ ಓದುತ್ತಿದ್ದಾರೆ.

ಬೇರೆ ಒಂದು ಮಾತಿದೆ. ಕಳೆದ ವಾರ ರೈಲಿನಲ್ಲಿ ಕಪ್ಪು ಜನಾಂಗದ ಒಬ್ಬ ಹುಡುಗ ಪಕ್ಕದಲ್ಲಿ ಬಂದು ಕೂತ. ಇಪ್ಪತ್ತರ ಒಳಗಿನವನು. ನನ್ನ ಕೈ ತನ್ನಷ್ಟಕ್ಕೆ ಬ್ಯಾಗನ್ನು ಹತ್ತಿರ ಎಳೆದುಕೊಂಡಿತು. ಅವನು ನೋಡಿದ. ಏನೂ ಅನ್ನಲಿಲ್ಲ. ಎರಡೂ ಕೈಗಳನ್ನು ಮಂಡಿಯ ಮೇಲೆ, ನನಗೆ ಕಾಣುವ ಹಾಗೆ ಇಟ್ಟುಕೊಂಡ. ಇಳಿಯುವವರೆಗೂ ಆ ಕೈಗಳು ಅಲ್ಲಾಡಲಿಲ್ಲ. ಇಷ್ಟು ರೂಢಿಯಾಗಲು ಎಷ್ಟು ಸಲ ಹಾಗೆ ಕೂತಿರಬೇಕು ಅವನು?

ನಿನಗೆ ನೆನಪಿರಬೇಕು. ಆಗ ಬಸ್ಸು ತುಂಬಿದ್ದರೂ ನಮ್ಮ ಎದುರಿನ ಸೀಟು ಖಾಲಿಯೇ ಇರುತ್ತಿತ್ತು. ನಮ್ಮನ್ನು ನೋಡಿ ಜನ ನಿಂತೇ ಹೋಗುತ್ತಿದ್ದರು. ಒಂದು ರಾತ್ರಿ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅತ್ತಿದ್ದೆ, ನಿನಗೂ ಹೇಳಿರಲಿಲ್ಲ. ಆ ನೋವು ಉಂಡ ಮೇಲೆ ಇನ್ನೊಬ್ಬರಿಗೆ ಹಾಗೆ ಮಾಡಲಾರೆ ಎಂದು ನಂಬಿಕೊಂಡಿದ್ದೆ.

ಅದೂ ಅಲ್ಲದೆ ನೈಟ್ ಶಿಫ್ಟಿನ ನಮ್ಮ 'ದೊಡ್ಡಣ್ಣ'. ಅವನೂ ಕಪ್ಪು ಜನಾಂಗದವನೇ. ಎರಡು ವರ್ಷ ಒಂದೇ ಡಬ್ಬಿಯಲ್ಲಿ ಉಂಡೆವು. 'ಅವನು ಉಳಿದವರ ಹಾಗಲ್ಲ' ಎಂದು ಎಷ್ಟು ಸಲ ಹೊಗಳಿದ್ದೇನೆ! ಉಳಿದವರು ಯಾರು? ಒಬ್ಬರನ್ನೂ ಹತ್ತಿರದಿಂದ ಕಂಡಿರಲಿಲ್ಲ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಇದನ್ನು ಬರೆದಿದ್ದರು: ಒಬ್ಬನನ್ನು ಬೇರೆ ಎಂದು ಹೊರಗೆ ಬಿಟ್ಟು, ಉಳಿದವರ ಸುತ್ತ ಮತ್ತೆ ಬೇಲಿ ಹಾಕಿಬಿಡುತ್ತೇವೆ. ಸುಮ್ನೆ ಪರಿಚಯವಾದರೆ ಸಾಲದು, ಸರಿಸಮನಾಗಿ ನಿಂತು ಒಂದೇ ಗುರಿಗೆ ದುಡಿಯಬೇಕು ಎಂದೂ ಹೇಳಿದ್ದರು. ನಾವು ಹಾಗೆಯೇ ದುಡಿದೆವು ಕಣೋ. ಆದರೂ ಬದಲಾಗಿದ್ದು ಅವನೊಬ್ಬನ ಬಗ್ಗೆ ನನ್ನ ಮನಸ್ಸು, ಅಷ್ಟೇ. ಈ ನಾಚಿಕೆ ವಾರವಾದರೂ ಬಿಡುತ್ತಿಲ್ಲ.

ಪುಟ್ಟಿ ಫೋಟೊ ನೋಡುವಾಗ ಇನ್ನೊಂದು ನೆನಪಾಯಿತು. ಬಿಳಿಯರ ಕೂಸುಗಳ ಮೇಲೆ ಬ್ರಿಟನ್ನಿನಲ್ಲಿ ಒಂದು ಅಧ್ಯಯನ ಮಾಡಿದ್ದರು, 2007ರಲ್ಲಿ ಪ್ರಕಟವಾಯಿತು. 3 ತಿಂಗಳಲ್ಲಿ ಬೇರೆ ಜನಾಂಗದವರ ಮುಖಗಳನ್ನೂ ಒಂದರಿಂದ ಒಂದು ಬೇರೆಯಾಗಿ ಗುರುತಿಸುತ್ತಿದ್ದ ಕೂಸುಗಳು, 9 ತಿಂಗಳಾಗುವಷ್ಟರಲ್ಲಿ ತಮ್ಮವರ ಮುಖಗಳನ್ನು ಮಾತ್ರ ಗುರುತಿಸುತ್ತಿದ್ದವು. ಕಂಡಿದ್ದು ಅವನ್ನೇ ಜಾಸ್ತಿ, ಅದಕ್ಕೇ. ಪುಟ್ಟಿಗೆ ಇನ್ನೂ ಆರು ತಿಂಗಳಿದೆ. ನಾಲ್ಕು ಜನ ಇರುವ ಕಡೆ ಎತ್ತಿಕೊಂಡು ಹೋಗೋ, ಎಲ್ಲ ಬಣ್ಣದ ಮುಖಗಳನ್ನೂ ನೋಡಲಿ.

ಆ ಹುಡುಗನ ಹತ್ತಿರ ನಾನು ಕ್ಷಮೆ ಕೇಳಲಿಲ್ಲ. ಇಳಿಯುವಾಗ 'ಸಾರಿ' ಅಂದು ದಾಟಿ ಹೋದವನು ಅವನೇ.

ಇಷ್ಟೆಲ್ಲ ಬರೆಯಬೇಕೆಂದು ಕೂತಿರಲಿಲ್ಲ. ಪುಟ್ಟಿಗೆ ಮುತ್ತು. ಛತ್ರಿ ನನ್ನ ಹತ್ತಿರವೇ ಇದೆ, ಬಂದಾಗ ತಗೊಂಡು ಹೋಗು.