ಕರ್ತೃವಿಲ್ಲದ ವಾಕ್ಯಗಳು: ಗೆಳೆಯನಿಗೊಂದು ಪತ್ರ

ಪ್ರಿಯ ಸಂಪಾದಕ ಮಹಾಶಯ,

ನಿನ್ನೊಬ್ಬನಿಗೆ ಬರೆಯಬೇಕಾದುದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ, ಕ್ಷಮೆಯಿರಲಿ. ಹನ್ನೊಂದು ವರ್ಷ ಸಚಿವರೊಬ್ಬರ ಪತ್ರಿಕಾ ಕಾರ್ಯದರ್ಶಿಯಾಗಿದ್ದವನಿಗೆ ಒಬ್ಬರಿಗಾಗಿ ಬರೆಯುವ ಅಭ್ಯಾಸವೇ ತಪ್ಪಿಹೋಗಿದೆ. ದಿನಸಿ ಚೀಟಿಯ ಮೇಲೂ 'ಪ್ರಕಟಣೆಯ ಕೃಪೆಗಾಗಿ' ಎಂದು ಬರೆಯುತ್ತೇನೆಂದು ನಿನ್ನ ಅತ್ತಿಗೆಯ ದೂರು.

ನೀನು ಎಚ್.ವೈ. ಶಾರದಾಪ್ರಸಾದರ ಬಗ್ಗೆ ಕೇಳಿದ್ದೆ. ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದುತ್ತಿರುವಾಗಲೇ 1942ರ ಚಳವಳಿಗೆ ಇಳಿದು ಜೈಲು ಸೇರಿ, ಪತ್ರಕರ್ತರಾಗಿ, 'ಯೋಜನಾ' ಪತ್ರಿಕೆಯ ಸಂಪಾದಕರಾಗಿ, 1966ರಿಂದ ಇಂದಿರಾ ಗಾಂಧಿಯವರಿಗೂ ಮುಂದೆ ರಾಜೀವ್ ಗಾಂಧಿಯವರಿಗೂ ಮಾಧ್ಯಮ ಸಲಹೆಗಾರರಾಗಿದ್ದವರು ಅವರು. ಹದಿನೆಂಟರ ಹರೆಯದಲ್ಲಿ ಜೈಲು ಕಂಡವರು, 1975ರ ತುರ್ತುಪರಿಸ್ಥಿತಿಯಲ್ಲಿ, ಪತ್ರಕರ್ತರನ್ನು ಜೈಲಿಗೆ ಕಳುಹಿಸಿದ ಸರ್ಕಾರದ ಕಚೇರಿಯಲ್ಲೇ ಕುಳಿತಿದ್ದರು. 2008ರಲ್ಲಿ ತೀರಿಕೊಳ್ಳುವವರೆಗೂ ಅಧಿಕಾರದ ಒಳಮನೆಯ ಆತ್ಮಕಥೆಯನ್ನು ಬರೆಯಲಿಲ್ಲ. ಪ್ರೆಸ್ ಕ್ಲಬ್ಬಿನ ಮರದಡಿ ಕುಳಿತಾಗಲೆಲ್ಲ ನಾನು ಅವರನ್ನೇ ಉದಾಹರಿಸಿ, ಬಾಯಿ ಬಿಡದಿರುವುದೇ ಈ ವೃತ್ತಿಯ ಘನತೆ ಎಂದು ಭಾಷಣ ಬಿಗಿಯುತ್ತಿದ್ದೆ; ಬಿಲ್ಲು ನೀನು ಕೊಡುತ್ತಿದ್ದೆ.

ಕಳೆದ ವಾರ ಅಟ್ಟ ಸ್ವಚ್ಛ ಮಾಡುವಾಗ ನನ್ನ ಹಳೆಯ ಪತ್ರಿಕಾ ಟಿಪ್ಪಣಿಗಳ ಕಟ್ಟು ಸಿಕ್ಕಿತು. ಓದುತ್ತ ಹೋದರೆ ಒಂದು ವಾಕ್ಯಕ್ಕೂ ಕರ್ತೃವಿಲ್ಲ. 'ಗಂಭೀರವಾಗಿ ಪರಿಗಣಿಸಲಾಗಿದೆ', 'ಸೂಕ್ತ ಕ್ರಮ ಕೈಗೊಳ್ಳಲಾಗುವುದು', 'ಹೇಳಿಕೆಯನ್ನು ತಿರುಚಲಾಗಿದೆ'. ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಒಗ್ಗದು ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರಲ್ಲ, ನಾನು ಹನ್ನೊಂದು ವರ್ಷ ಅದರಿಂದಲೇ ಉಂಡೆ.

'ಹೇಳಿಕೆಯನ್ನು ತಿರುಚಲಾಗಿದೆ' ಎಂಬ ವಾಕ್ಯವಿದ್ದ ಹಾಳೆಯನ್ನು ಮಾತ್ರ ಮತ್ತೆ ಕಟ್ಟಿಡಲಾಗಲಿಲ್ಲ. ಮಳೆನೀರು ನುಗ್ಗಿದ ಬಡಾವಣೆಯೊಂದರ ನಿವಾಸಿಗಳ ಬಗ್ಗೆ ಸಚಿವರು ಆಡಿದ ಉಡಾಫೆಯ ಮಾತನ್ನು ಹುಡುಗನೊಬ್ಬ ಅಕ್ಷರಶಃ ವರದಿ ಮಾಡಿದ್ದ. ಮರುದಿನ ಬೆಳಿಗ್ಗೆ ಮಲ್ಲೇಶ್ವರದಿಂದ ಕಾರು ವಿಧಾನಸೌಧ ತಲುಪುವಷ್ಟರಲ್ಲಿ ನನ್ನ ಸ್ಪಷ್ಟನೆ ಸಿದ್ಧವಾಗಿತ್ತು. ಸಚಿವರ ಮಾತಿನ ಧ್ವನಿಮುದ್ರಣ ನನ್ನ ಮೊಬೈಲಿನಲ್ಲೇ ಇತ್ತು. ರಾತ್ರಿ ಆ ಹುಡುಗ ಕರೆ ಮಾಡಿ, "ಸಾರ್, ನೀವೂ ಪಕ್ಕದಲ್ಲೇ ಇದ್ರಲ್ಲಾ?" ಎಂದ. "ಸ್ಪಷ್ಟನೆಯಲ್ಲಿ ಎಲ್ಲವೂ ಇದೆಯಪ್ಪ" ಎಂದೆ. ಮುಂದಿನ ತಿಂಗಳಿನಿಂದ ಅವನು ವಿಧಾನಸೌಧದ ಕಡೆ ಕಾಣಿಸಲಿಲ್ಲ. ಮೇಲಿನವರ ಒತ್ತಡವಿತ್ತೆಂದು ನಿನಗೆ ಅಂದು ಹೇಳಿದ್ದೆ. ಒತ್ತಡವಿರಲಿಲ್ಲ. ನಾನು ಸ್ಪಷ್ಟನೆ ಬರೆದು ಮುಗಿಸಿದಾಗ ಸಚಿವರು ಆ ಪತ್ರಿಕೆಯನ್ನು ಇನ್ನೂ ನೋಡಿಯೇ ಇರಲಿಲ್ಲ. ಶಾರದಾಪ್ರಸಾದರ ಮೌನಕ್ಕೆ ಅವರದೇ ಕಾರಣಗಳಿದ್ದಾವು. ನಾನು ಅವರ ಹೆಸರಿನಡಿ ಬಚ್ಚಿಟ್ಟುಕೊಂಡದ್ದು ಇದನ್ನು.

ಇಷ್ಟೆಲ್ಲ ಬರೆಯುವ ಉದ್ದೇಶವಿರಲಿಲ್ಲ. ನಾಳೆ ಯಾರಾದರೂ ಕೇಳಿದರೆ ಈ ಪತ್ರವನ್ನೂ ತಿರುಚಲಾಗಿದೆ ಎಂದುಬಿಡುತ್ತೇನೆ, ಕೈಗೆ ಪಳಗಿದ ಕೆಲಸ. ಭಾನುವಾರ ಗಾಂಧಿ ಬಜಾರಿಗೆ ಬಾ. ನಿನ್ನ ಎರಡನೆಯ ದೋಸೆಯ ವೆಚ್ಚವನ್ನು ಈ ಸಲ ಭರಿಸಲಾಗುವುದು. ಯಾರು ಭರಿಸುತ್ತಾರೆ ಎಂದು ಮಾತ್ರ ಕೇಳಬೇಡ.

ಇಂತು ನಿನ್ನವ,
ಮಾಜಿ ಪತ್ರಿಕಾ ಕಾರ್ಯದರ್ಶಿ